ಪ್ರೆಸ್ಟನ್ನಿಗೆ ಬಂದಿಳಿಯುವ ಎಲ್ಡರುಗಳು

ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಸಭೆಯ, ‘ಎಲ್ಡರ್’ ಎಂದು ಕರೆಸಿಕೊಳ್ಳುವ ತರುಣ ಮಿಷನರಿಯೊಬ್ಬ ಪರದೇಶದ ಊರಿಗೆ ಬಂದಿಳಿಯುವ ಹೊತ್ತಿಗೆ ಅವನ ದಿನಚರಿಯ ಸಣ್ಣಪುಟ್ಟ ವಿವರಗಳೂ ಬೇರೆಯವರಿಂದ ತೀರ್ಮಾನವಾಗಿರುತ್ತವೆ. ಯಾವ ದೇಶ ಬೇಕೆಂದು ಅವನು ಆರಿಸಿಕೊಳ್ಳುವಂತಿಲ್ಲ. ಅರ್ಜಿ ಹಾಕಿ ಕಾದ ಮೇಲೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಸಭೆಯ ಕೇಂದ್ರದಿಂದ ಬರುವ ಕರೆಯಲ್ಲಿ ಬ್ರೆಜಿಲ್ ಎಂದಿದ್ದರೆ ಬ್ರೆಜಿಲಿಗೆ, ಫಿನ್ಲೆಂಡ್ ಎಂದಿದ್ದರೆ ಫಿನ್ಲೆಂಡಿಗೆ ಹೋಗಬೇಕು. ಆ ದೇಶದೊಳಗೆ ಯಾವ ಊರು, ಆ ಊರಿನಲ್ಲಿ ಜೊತೆಗಾರ ಯಾರು ಎಂಬುದನ್ನು ಅಲ್ಲಿನ ಮಿಷನ್ನಿನ ಅಧ್ಯಕ್ಷರು ಗೊತ್ತುಮಾಡುತ್ತಾರೆ. ಏಳುವುದು ಬೆಳಗಿನ ಆರೂವರೆಗೆ, ಮಲಗುವುದು ರಾತ್ರಿ ಹತ್ತೂವರೆಗೆ. ಸೇವೆಯ ಅವಧಿ ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು; ಅಷ್ಟು ಕಾಲ ಪ್ರೇಮಪ್ರಸಂಗಕ್ಕೆ ಎಡೆಯಿಲ್ಲ. ಜೊತೆಗಾರನ ಕಣ್ಣಳತೆ ದಾಟಿ ಒಬ್ಬನೇ ಬೀದಿಯ ಕೊನೆಯವರೆಗೆ ಹೋಗಿಬರುವುದಕ್ಕೂ ಇಲ್ಲ. ಇಷ್ಟನ್ನೂ ಒಪ್ಪಿ ಬರುವವನಿಗೆ ಸಂಬಳ ದೊರೆಯುವುದಿಲ್ಲ. ಅಮೆರಿಕದ ಹುಡುಗನಾದರೆ 2020ರ ಜುಲೈನಿಂದೀಚೆಗೆ ಅವನೋ ಅವನ ಮನೆಯವರೋ ತಿಂಗಳಿಗೆ 500 ಡಾಲರ್ ಕಟ್ಟಬೇಕು. ಅವನು ಟೋಕಿಯೋದಲ್ಲಿದ್ದರೂ ಅಷ್ಟೇ, ಪೆರುವಿನ ಹಳ್ಳಿಯಲ್ಲಿದ್ದರೂ ಅಷ್ಟೇ. 2012ರ ಅಕ್ಟೋಬರಿನಲ್ಲಿ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ ಇಳಿಸಿದ ಮೇಲೆ, ಹೈಸ್ಕೂಲು ಮುಗಿಸಿ ನೇರವಾಗಿ ಹೊರಟುಬರುವವರೂ ಅನೇಕರಿದ್ದಾರೆ.

ಹೀಗೆ ಎಲ್ಲ ಕಡೆಯಿಂದಲೂ ಕಟ್ಟುಪಾಡಿಗೆ ಒಳಗಾದ ಹುಡುಗ ಹೊಸ ಊರಿನಲ್ಲಿ ನೆಲೆ ನಿಲ್ಲುವುದಾದರೂ ಹೇಗೆ ಎಂಬ ಕುತೂಹಲ ನನಗೆ ಬಹಳ ಕಾಲದಿಂದ ಇದೆ, ಏಕೆಂದರೆ ನಾನಿರುವ ಊರಿಗೆ ಅಂಥವರು ಬರುತ್ತಲೂ ಹೋಗುತ್ತಲೂ ಇರುತ್ತಾರೆ. ಇಂಗ್ಲೆಂಡಿನ ವಾಯವ್ಯ ಮೂಲೆಯ ಲ್ಯಾಂಕಶೈರಿನಲ್ಲಿರುವ ಪ್ರೆಸ್ಟನ್ ನಮ್ಮ ಊರು. ನಮ್ಮ ಯಜಮಾನರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಶಿವಮೊಗ್ಗದ ಕಡೆಯಿಂದ ಬಂದವರು ಇಲ್ಲೇ ಉಳಿದುಕೊಂಡೆವು. ನಮ್ಮದು ಕೆಂಪಿಟ್ಟಿಗೆಯ ಸಾಲುಮನೆಗಳ ಬೀದಿ. ಒಂದು ಕಾಲಕ್ಕೆ ಹತ್ತಿಗಿರಣಿಯ ಕೆಲಸಗಾರರಿಗಾಗಿ ಕಟ್ಟಿದ ಈ ಮನೆಗಳಿಗೆ ಜಗಲಿಯಾಗಲಿ ಅಂಗಳವಾಗಲಿ ಇಲ್ಲ. ಬಾಗಿಲು ತೆರೆದರೆ ಕಾಲುದಾರಿ, ಕದ ತಟ್ಟಿದವನು ಬೀದಿಯಲ್ಲಿ, ತೆರೆದವರು ನಡುಮನೆಯಲ್ಲಿ. ಬಂದವನನ್ನು ಒಳಕ್ಕೆ ಕರೆಯಬೇಕೋ ಸಾಗಹಾಕಬೇಕೋ ಎಂಬುದನ್ನು ಆ ಗಳಿಗೆಯಲ್ಲೇ ತೀರ್ಮಾನಿಸಬೇಕಾಗುತ್ತದೆ. ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟು, ಆಮೇಲೆ ಯೋಚಿಸೋಣ ಎನ್ನುವ ನಮ್ಮ ಕಡೆಯ ಅನುಕೂಲ ಇಲ್ಲಿಲ್ಲ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿದ ಇಬ್ಬಿಬ್ಬರು ಹುಡುಗರು ನಾನು ಮೊದಲು ಕಂಡಾಗಿನಿಂದಲೂ ಇಂಥ ಬಾಗಿಲುಗಳ ಮುಂದೆಯೇ ನಿಂತಿರುತ್ತಾರೆ.

ಮಾರ್ಮನ್ನರಿಗೆ ಪ್ರೆಸ್ಟನ್ ಹತ್ತರಲ್ಲಿ ಹನ್ನೊಂದನೆಯ ಊರಲ್ಲ. ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದ ಏಳು ವರ್ಷಕ್ಕೆ ಅಟ್ಲಾಂಟಿಕ್ ದಾಟಿದ ಮೊದಲ ಮಿಷನರಿ ತಂಡ ಬಂದು ತಳವೂರಿದ್ದು ಇಲ್ಲಿ. ಹೀಬರ್ ಸಿ. ಕಿಂಬಾಲ್ ಮುಂದಾಳತ್ವದ ಏಳು ಜನ 1837ರ ಜುಲೈ 20ರಂದು ಲಿವರ್‌ಪೂಲಿನಲ್ಲಿ ಹಡಗಿನಿಂದಿಳಿದು, ಎರಡು ದಿನಗಳ ನಂತರ ಪ್ರೆಸ್ಟನ್ನಿಗೆ ಬಂದರು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಹೊಸತು, ಸಾರ್ವತ್ರಿಕ ಚುನಾವಣೆಯ ಗದ್ದಲ. ಬೀದಿಯಲ್ಲಿ ತೂಗುಹಾಕಿದ್ದ ಬಾವುಟವೊಂದರಲ್ಲಿ ಸತ್ಯಕ್ಕೇ ಗೆಲುವು ಎಂಬರ್ಥದ ಚುನಾವಣಾ ಘೋಷಣೆಯನ್ನು ಕಂಡು, ಅದು ತಮಗೇ ಬರೆದಿಟ್ಟದ್ದೆಂದು ಹಿಗ್ಗಿದರಂತೆ. ಯಾವುದೋ ಅಭ್ಯರ್ಥಿಯ ಬಾವುಟ ಪರದೇಶದಿಂದ ಬಂದವನ ಕಣ್ಣಿಗೆ ಶಕುನವಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಕಾಲಿಟ್ಟ ದಿನ ಮನುಷ್ಯ ತನ್ನ ಪರವಾಗಿ ಮಾತನಾಡುವ ಏನನ್ನಾದರೂ ಹುಡುಕುತ್ತಾನೆ.

ಆದರೆ ಅವರು ಅಲ್ಲಿ ನೆಲೆ ನಿಂತದ್ದು ಶಕುನದಿಂದಲ್ಲ, ನಂಟಸ್ತನದಿಂದ. ತಂಡದಲ್ಲಿದ್ದ ಜೋಸೆಫ್ ಫೀಲ್ಡಿಂಗ್ ಕೆನಡಾಕ್ಕೆ ವಲಸೆ ಹೋಗಿದ್ದ ಇಂಗ್ಲಿಷಿನವನು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಜೇಮ್ಸ್ ಫೀಲ್ಡಿಂಗ್ ಪ್ರೆಸ್ಟನ್ನಿನ ವಾಕ್ಸ್‌ಹಾಲ್ ಚಾಪೆಲಿನ ಪಾದ್ರಿಯಾಗಿದ್ದರು. ಒಡಹುಟ್ಟಿದವನ ಜೊತೆ ಬಂದ ಅತಿಥಿಗಳೆಂದು ಅವರು ತಮ್ಮ ವೇದಿಕೆಯನ್ನು ಬಿಟ್ಟುಕೊಟ್ಟರು; ತಮ್ಮ ಸಭಿಕರೇ ಒಬ್ಬೊಬ್ಬರಾಗಿ ಅತಿಥಿಗಳ ಕಡೆ ವಾಲತೊಡಗಿದಾಗ ಬಾಗಿಲು ಹಾಕಿದರು. ಪಾದ್ರಿಯ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಜುಲೈ 30ರ ಭಾನುವಾರ ರಿಬಲ್ ನದಿಯಲ್ಲಿ ಒಂಬತ್ತು ಜನ ದೀಕ್ಷಾಸ್ನಾನ ಪಡೆದರು. ಮೊದಲಿಗ ಯಾರಾಗಬೇಕೆಂಬುದಕ್ಕೆ ಓಟದ ಪಂದ್ಯವೇ ನಡೆದು, ಗೆದ್ದ ಜಾರ್ಜ್ ವ್ಯಾಟ್ ಎಂಬ ತರುಣ ಮೊದಲು ಮುಳುಗಿದ. ಆಮೇಲೆ ಅವರಿಗೆ ಪ್ರವಚನಕ್ಕೆ ದೊರೆತ ಜಾಗ ‘ಕಾಕ್‌ಪಿಟ್’. ಹಿಂದೆ ಕೋಳಿ ಅಂಕ ನಡೆಯುತ್ತಿದ್ದ, ಆ ಹೊತ್ತಿಗೆ ಮದ್ಯವಿರೋಧಿಗಳ ಸಭೆಗಳು ಸೇರುತ್ತಿದ್ದ ಕಟ್ಟಡ. ಜೋಸೆಫ್ ಲಿವ್ಸಿ ಮತ್ತು ಅವರ ಸಂಗಡಿಗರು ಹೆಂಡವನ್ನು ಪೂರ್ತಿ ಬಿಡುವ ಪ್ರತಿಜ್ಞೆಗೆ 1832ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ್ದು ಇದೇ ಪ್ರೆಸ್ಟನ್ನಿನಲ್ಲಿ. ಮದ್ಯ ಬೇಡವೆನ್ನುವ ಹೊಸ ಮತವೊಂದು ಅಮೆರಿಕದಿಂದ ಬಂದಾಗ ಅದಕ್ಕೆ ಹೊಂದುವ ನೆಲವನ್ನು ಲ್ಯಾಂಕಶೈರಿನ ಗಿರಣಿ ಕೆಲಸಗಾರರು ಆಗಲೇ ಹದಮಾಡಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟನ್ನಿನಲ್ಲಿದ್ದ ಮಾರ್ಮನ್ನರ ಸಂಖ್ಯೆ ಅಮೆರಿಕದಲ್ಲಿ ಅವರ ನೆಲೆಯಾದ ಯೂಟಾದಲ್ಲಿದ್ದವರ ಸಂಖ್ಯೆಗಿಂತ ಹೆಚ್ಚಾಗಿತ್ತು. ಅವರಲ್ಲಿ ಸಾವಿರಾರು ಜನ ಲಿವರ್‌ಪೂಲಿನಿಂದ ಹಡಗು ಹತ್ತಿ ಯೂಟಾ ಸೇರಿದರು.

ಈಗ ಬರುವ ಹುಡುಗನಿಗೆ ಆ ನಂಟಸ್ತನವಿಲ್ಲ. ಅವನಿಗಾಗಿ ಕಾದಿರುವುದು ಸಭೆಯ ಬಾಡಿಗೆ ಫ್ಲ್ಯಾಟು. ಒಂದು ಜೋಡಿ ಖಾಲಿ ಮಾಡಿದಾಗ ಇನ್ನೊಂದು ಜೋಡಿ ಬಂದು ಸೇರುವ ಈ ಫ್ಲ್ಯಾಟಿನಲ್ಲಿ ಇಸ್ತ್ರಿಪೆಟ್ಟಿಗೆ, ಬಾಣಲೆ, ಯಾರೋ ಬಿಟ್ಟುಹೋದ ಟೈ, ಯಾರೋ ಕೊಂಡು ಬೇಯಿಸದೆ ಉಳಿಸಿದ ಪಾಸ್ತಾ ಎಲ್ಲವೂ ಇರುತ್ತವೆ, ಆದರೆ ಊರಿನ ಹಳಬನೊಬ್ಬ ಇರುವುದಿಲ್ಲ. ಹೊಸಬನಿಗೆ ಮೊದಲ 12 ವಾರ ತರಬೇತಿ ಕೊಡುವ ಹಿರಿಯ ಜೊತೆಗಾರನೂ ಕೆಲವೊಮ್ಮೆ ಈ ಊರಿಗೆ ತಾನೇ ಹೊಸಬ. ಸುಮಾರು ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಬರುತ್ತದೆ. ಆಗ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ಅಧ್ಯಕ್ಷರಿಂದ ಸುದ್ದಿ ಬರುವವರೆಗೆ ತಿಳಿಯದು. ಹಾಗಾಗಿ ಊರಿನ ಪರಿಚಯವನ್ನು ತಲೆಯಿಂದ ತಲೆಗೆ ದಾಟಿಸಲು ಸಾಕಷ್ಟು ಕಾಲವೇ ಸಿಗುವುದಿಲ್ಲ. ಆ ಕೆಲಸವನ್ನು ‘ಏರಿಯಾ ಬುಕ್’ ಎಂಬ ದಾಖಲೆ ಮಾಡುತ್ತದೆ. ಹಿಂದೆ ದಪ್ಪನೆಯ ಫೈಲಾಗಿದ್ದ ಇದು ಈಗ ಫೋನಿನ ಆ್ಯಪಿನೊಳಗಿದೆ. ಯಾವ ಬೀದಿಯಲ್ಲಿ ಯಾರು ಮಾತಾಡಿಸಿದರು, ಯಾರು ಎರಡು ಪಾಠ ಕೇಳಿ ನಿಲ್ಲಿಸಿದರು, ಯಾರ ಮನೆಗೆ ಇನ್ನು ಹೋಗಕೂಡದು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಹೊಸಬ ಬಂದ ರಾತ್ರಿ ಇದನ್ನು ಓದಿಕೊಂಡೇ ಮಲಗುತ್ತಾನೆ. ಹಿಂದೆ ಎಷ್ಟೋ ಹುಡುಗರು ಮುಟ್ಟಿಬಿಟ್ಟ ಹೆಸರುಗಳನ್ನು ಬೆಳಿಗ್ಗೆ ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾನೆ.

ಇಲ್ಲಿಯ ಸ್ಥಳೀಯ ಮಾರ್ಮನ್ ಕುಟುಂಬಗಳ ಪಾತ್ರವೂ ಚಿಕ್ಕದಲ್ಲ. ಈ ಸಭೆಯಲ್ಲಿ ಊರಮಟ್ಟದ ಪಾದ್ರಿಗಳೆಂಬ ವೃತ್ತಿಯವರಿಲ್ಲ. ‘ವಾರ್ಡ್’ ಎಂದು ಕರೆಯುವ ಸ್ಥಳೀಯ ಸಭೆಯ ಬಿಷಪ್ ಹಗಲಿಗೆ ತನ್ನ ಉದ್ಯೋಗ ಮಾಡಿಕೊಂಡು, ಸಂಜೆ ಮತ್ತು ಭಾನುವಾರ ಸಂಬಳವಿಲ್ಲದೆ ಸಭೆಯ ಕೆಲಸ ನೋಡುವವನು. ಆ ಕುಟುಂಬಗಳು ಸರದಿಯ ಮೇಲೆ ಹುಡುಗರನ್ನು ಊಟಕ್ಕೆ ಕರೆಯುತ್ತವೆ. ಮಳೆಯಲ್ಲಿ ನೆನೆದ ಬೂಟು ಒಣಗಿಸುವ ಉಪಾಯದಿಂದ ಹಿಡಿದು ಯಾವ ಅಂಗಡಿಯಲ್ಲಿ ಸಂಜೆಗೆ ಬ್ರೆಡ್ಡು ಅಗ್ಗ ಎಂಬವರೆಗೆ ನಿಜವಾದ ತಿಳಿವಳಿಕೆ ಬರುವುದು ಆ ಊಟದ ಮೇಜುಗಳಿಂದಲೇ ಎಂದು ಒಬ್ಬ ಹುಡುಗ ನನಗೆ ಹೇಳಿದ್ದ. ದೇವರ ವಿಷಯ ಎಷ್ಟು ಹೊತ್ತು ಮಾತಾಡುತ್ತೀರಿ ಎಂದು ಕೇಳಿದೆ. ಊಟಕ್ಕೆ ಮುಂಚೆ ಪ್ರಾರ್ಥನೆ, ಹೊರಡುವ ಮೊದಲು ಧರ್ಮಗ್ರಂಥದ ಒಂದು ವಚನ, ನಡುವೆ ಫುಟ್‌ಬಾಲ್ ಎಂದ.

ಜೊತೆಗಾರನ ಸಂಗತಿ ಮಾತ್ರ ನನಗೆ ಇಂದಿಗೂ ಪೂರ್ತಿ ಅರಗದ ವಿಷಯ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಂಚ, ಒಂದೇ ಅಡಿಗೆಮನೆ, ಒಂದೇ ಬಸ್ಸು, ಇಡೀ ದಿನ ಒಬ್ಬರಿಗೊಬ್ಬರು ಕಾಣುವಷ್ಟು ಕೇಳುವಷ್ಟು ದೂರದಲ್ಲೇ ಇರಬೇಕೆಂಬ ಕಟ್ಟಳೆ. ನಮ್ಮಲ್ಲಿ ಹಿರಿಯರು ಗೊತ್ತುಮಾಡಿದ ಮದುವೆಗಾದರೂ ಜಾತಕ, ಊರುಕೇರಿ, ನಾಲ್ಕು ಮಾತು ಎಂಬುದಿರುತ್ತದೆ. ಇಲ್ಲಿ ಅಮೆರಿಕದ ಐಡಾಹೋದ ಆಲೂಗಡ್ಡೆ ಬೆಳೆಗಾರನ ಮಗನನ್ನೂ ಜರ್ಮನಿಯ ಪಟ್ಟಣದ ಹುಡುಗನನ್ನೂ ಒಂದು ಸಂಜೆ ಫೋನಿನಲ್ಲಿ ಜೋಡಿಮಾಡಲಾಗುತ್ತದೆ. ಒಬ್ಬ ಸ್ನಾನಕ್ಕೆ ಅರ್ಧ ಗಂಟೆ ಹಿಡಿಯುವವನಾಗಿರಬಹುದು, ಇನ್ನೊಬ್ಬ ತಿನ್ನುವಾಗ ಸದ್ದು ಮಾಡುವವನಾಗಿರಬಹುದು. ಮುನಿಸಿಕೊಂಡು ಹೊರಗೆ ಹೋಗಿಬರುತ್ತೇನೆಂದರೆ ಮುನಿಸಿಗೆ ಕಾರಣನಾದವನೂ ಜೊತೆಗೇ ಬರುತ್ತಾನೆ. ಆದರೂ ಹೊಸ ಊರಿನ ಮೊದಲ ವಾರಗಳಲ್ಲಿ ಮನುಷ್ಯನನ್ನು ಕಾಡುವ ಒಂದು ಬಗೆಯ ಒಂಟಿತನ, ಎಂದರೆ ಬಸ್ ನಿಲ್ದಾಣದಲ್ಲಿ ನಿಂತಾಗ ತಾನು ಇಲ್ಲಿರುವುದು ಯಾರಿಗೂ ಗೊತ್ತಿಲ್ಲವೆಂಬ ಭಾವನೆ, ಈ ಹುಡುಗರಿಗೆ ಬರುವುದೇ ಇಲ್ಲ. ಅದರ ಬದಲಿಗೆ ಒಬ್ಬನೇ ಕೂತು ಅಳುವ ಅವಕಾಶವೂ ಅವರಿಗಿರುವುದಿಲ್ಲ. ಯಾವುದು ವಾಸಿ ಎಂಬುದನ್ನು ಅನುಭವಿಸಿದವರೇ ಹೇಳಬೇಕು.

ಪ್ರೆಸ್ಟನ್ನಿನ ಹವೆ ಈ ಕೆಲಸಕ್ಕೆ ಸಹಕರಿಸುವಂಥದ್ದಲ್ಲ. ಇದು ಸುಮಾರು 53.8 ಡಿಗ್ರಿ ಉತ್ತರ ಅಕ್ಷಾಂಶದ ಊರು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜನ ಕೆಲಸದಿಂದ ಮನೆಗೆ ಬರುವ ಆರು ಗಂಟೆಗೆ ಕಗ್ಗತ್ತಲು, ಜೊತೆಗೆ ಹನಿ ನಿಲ್ಲದ ಮಳೆ. ಕತ್ತಲಲ್ಲಿ ಇಬ್ಬರು ಗಂಡಾಳುಗಳು ಬಾಗಿಲು ತಟ್ಟಿದರೆ ತೆರೆಯುವವರು ವಿರಳ. ತೆರೆದವರಲ್ಲಿಯೂ ಹೆಚ್ಚಿನವರು ಈ ಕಡೆಯ ಜನರ ಸಹಜ ಸೌಜನ್ಯದಿಂದ ಬೇಡಪ್ಪಾ ಎಂದು ಹೇಳಿ ಮುಚ್ಚುತ್ತಾರೆ. ಕೆಲವರು ಬಹುಪತ್ನಿತ್ವದ ಬಗ್ಗೆ ಚುಚ್ಚುತ್ತಾರೆ. ಆ ಪದ್ಧತಿಯನ್ನು ಸಭೆ 1890ರಲ್ಲಿ ಕೈಬಿಡುವುದಾಗಿ ಘೋಷಿಸಿತೆಂಬ ಉತ್ತರ ಹುಡುಗನ ಬಾಯಲ್ಲಿ ಸಿದ್ಧವಾಗಿರುತ್ತದೆ. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಪೌರೋಹಿತ್ಯ ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಅಷ್ಟು ಸಿದ್ಧವಾದ ಉತ್ತರ ಇರುವುದಿಲ್ಲ. ಅಂಥ ಪ್ರಶ್ನೆಯನ್ನು ತನ್ನ ಊರಿನಲ್ಲಿ ಎಂದೂ ಕೇಳದಿದ್ದ ಹುಡುಗ, ತನ್ನ ಮತದ ಇತಿಹಾಸದ ಒಂದು ಅಧ್ಯಾಯವನ್ನು ಅಪರಿಚಿತರ ಹೊಸ್ತಿಲಲ್ಲಿ ನಿಂತು ಕಲಿಯುವುದನ್ನು ಕಂಡಾಗ, ಬೋಧಿಸಲು ಬಂದವನಿಗೇ ಪಾಠವಾಗುತ್ತಿರುವುದು ನನಗೆ ಅನ್ಯಾಯವೆನಿಸಲಿಲ್ಲ.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಆ ಹುಡುಗರು ಒಂದೆರಡು ಟ್ರಾನ್ಸ್‌ಫರ್‌ಗಳ ಅವಧಿಯಲ್ಲಿ ನಮ್ಮ ಬೀದಿಯನ್ನು ನನಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾರೆ, ಮತ್ತು ಅದನ್ನು ತಿಳಿದುಕೊಳ್ಳುವುದು ಹೆಚ್ಚಾಗಿ ಬೇಡವೆನ್ನಿಸಿಕೊಳ್ಳುವುದರಿಂದ. ನಮ್ಮಂಥ ವಲಸಿಗರು ಬಂದಾಗ ಕೈಯಲ್ಲಿ ನೌಕರಿಯ ಪತ್ರವಿರುತ್ತದೆ. ಬ್ಯಾಂಕಿನಲ್ಲಿ ಖಾತೆ, ಮಗುವಿಗೆ ಶಾಲೆ, ವಾರಕ್ಕೊಮ್ಮೆ ತರಕಾರಿ ಎಂದು ನಾಲ್ಕಾರು ಜಾಗಗಳ ನಡುವೆ ಗೆರೆ ಎಳೆದುಕೊಂಡು ಅದರ ಮೇಲೇ ಓಡಾಡುತ್ತೇವೆ. ನೆರೆಯವರಿಂದ ನಮಗೆ ಏನೂ ಬೇಕಾಗಿರುವುದಿಲ್ಲ, ಆದ್ದರಿಂದ ಅವರು ನಮ್ಮನ್ನು ನಿರಾಕರಿಸುವ ಪ್ರಸಂಗವೂ ಬರುವುದಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಮೊದಲು ಹುಡುಕಿದ್ದು ಕನ್ನಡದವರನ್ನು, ಆಮೇಲೆ ದೇವಸ್ಥಾನವನ್ನು. ಗುಜರಾತಿ ಹಿಂದೂಗಳು ರಿಬಲ್ ನದಿಗೆ ಹತ್ತಿರದ ಸೌತ್ ಮೆಡೋ ಲೇನಿನಲ್ಲಿ ಕಟ್ಟಿಕೊಂಡಿರುವ ಮಂದಿರಕ್ಕೆ ಹೋಗಿ ಬರತೊಡಗಿದ ಮೇಲೆ ಊರು ಅಭ್ಯಾಸವಾಯಿತೆಂದು ನಂಬಿದ್ದೆ. ಹಬ್ಬಕ್ಕೆ ಮ್ಯಾಂಚೆಸ್ಟರಿನ ಕಡೆಯ ಕನ್ನಡಿಗರೊಡನೆ ಸೇರುವುದು, ಒಬ್ಬಟ್ಟು ಹಂಚಿಕೊಳ್ಳುವುದು, ಮಕ್ಕಳಿಂದ ಹಾಡಿಸುವುದು ಇವೆಲ್ಲ ಒಳ್ಳೆಯ ಸಂಗತಿಗಳೇ. ಅವು ನನ್ನನ್ನು ನೆಮ್ಮದಿಯಾಗಿರಿಸಿದವು, ಆದರೆ ನನ್ನ ಎದುರುಮನೆಯ ಮುದುಕ ಒಂದು ಕಾಲಕ್ಕೆ ಗಿರಣಿಯಲ್ಲಿ ಮಗ್ಗದ ಮೆಕ್ಯಾನಿಕ್ ಆಗಿದ್ದನೆಂದು ನನಗೆ ಹೇಳಿದವನು ಊರಿಗೆ ಬಂದು ತಿಂಗಳೂ ತುಂಬದ ಮಿಷನರಿ. ಆ ಮುದುಕ ಇವರ ಮತವನ್ನು ಖಂಡತುಂಡವಾಗಿ ಬೇಡವೆಂದವನೇ. ಬೇಡವೆಂದ ಮೇಲೂ ಬಾಗಿಲಲ್ಲಿ ನಿಂತು ಮಗ್ಗದ ಕಥೆ ಹೇಳಿದ್ದ.

ಇಂಥ ನಿರಾಕರಣೆ ಎಲ್ಲರನ್ನೂ ಊರಿಗೆ ಹೊಂದಿಸುತ್ತದೆಂದು ನಾನು ವಾದಿಸುವುದಿಲ್ಲ. ಪ್ರೆಸ್ಟನ್ನಿಗೇ ಸೇರಿದ ಇನ್ನೊಂದು ಕಥೆ ಇದೆ. ಮುಂದೆ 1995ರಿಂದ 2008ರವರೆಗೆ ಇಡೀ ಸಭೆಯ ಅಧ್ಯಕ್ಷರಾಗಿದ್ದ ಗಾರ್ಡನ್ ಬಿ. ಹಿಂಕ್ಲಿ 1933ರ ಬೇಸಿಗೆಯಲ್ಲಿ, 23ರ ವಯಸ್ಸಿನಲ್ಲಿ, ಮಿಷನರಿಯಾಗಿ ಬಂದಿಳಿದದ್ದು ಇಲ್ಲಿಗೆ. ಆರ್ಥಿಕ ಕುಸಿತದ ಕಾಲ, ಗಿರಣಿಗಳು ನಿಂತಿದ್ದವು, ಕೆಲಸ ಕಳೆದುಕೊಂಡವರು ಬೀದಿಯಲ್ಲಿದ್ದರು. ತಾಯಿ ತೀರಿಕೊಂಡು ಮೂರು ವರ್ಷವೂ ಆಗಿರಲಿಲ್ಲ. ಬಂದವರಿಗೆ ಹುಲ್ಲಿನ ಹೂಪುಡಿಯಿಂದ ಸೀನು, ಕಣ್ಣೀರು. ಮಾರುಕಟ್ಟೆಯ ಚೌಕದಲ್ಲಿ ನಿಂತು ಬೋಧಿಸಿದರೆ ಕೇಳುವವರಿಗಿಂತ ಗೇಲಿ ಮಾಡುವವರು ಹೆಚ್ಚು. ಸಮಯವೂ ನಿಮ್ಮ ಹಣವೂ ವ್ಯರ್ಥವಾಗುತ್ತಿದೆ ಎಂದು ತಂದೆಗೆ ಪತ್ರ ಬರೆದರು. ತಂದೆಯಿಂದ ಬಂದ ಉತ್ತರ ಚುಟುಕಾಗಿತ್ತು: ನಿನ್ನನ್ನು ನೀನು ಮರೆತು ಕೆಲಸಕ್ಕೆ ತೊಡಗು. ಮಾರ್ಮನ್ ಮನೆಗಳಲ್ಲಿ ಇದು ಮಕ್ಕಳಿಗೆಲ್ಲ ತಿಳಿದಿರುವ ಕಥೆ, ಮತ್ತು ಅದರ ಬೆನ್ನಿಗೇ ಅವರು ಮೊಣಕಾಲೂರಿ ಪ್ರಾರ್ಥಿಸಿದ್ದು, ಮನಸ್ಸು ತಿರುಗಿದ್ದು ಎಲ್ಲ ಬರುತ್ತದೆ. ಹತ್ತಿರದ ಚೋರ್ಲಿಯಲ್ಲಿ ‘ಪ್ರೆಸ್ಟನ್ ಇಂಗ್ಲೆಂಡ್ ಟೆಂಪಲ್’ ಎಂಬ ಭವ್ಯ ಬಿಳಿಯ ಕಟ್ಟಡವನ್ನು 1998ರ ಜೂನ್‌ನಲ್ಲಿ ಪ್ರತಿಷ್ಠಾಪಿಸಿದವರೂ ಅವರೇ.

ಆ ತಂದೆಯ ಉತ್ತರವನ್ನು ಮೊದಲ ಬಾರಿ ಕೇಳಿದಾಗ ನನಗೆ ಅದು ಒರಟಾಗಿ ಕಂಡಿತ್ತು, ಈಗಲೂ ಸ್ವಲ್ಪ ಹಾಗೆಯೇ ಕಾಣುತ್ತದೆ. ತಾಯಿಯಿಲ್ಲದ ಹುಡುಗ ಮನಸ್ಸು ಕುಸಿದು ಬರೆದಾಗ ಇನ್ನೆರಡು ಸಾಲು ಬರೆದರೆ ಕಾಗದವೇನೂ ಸವೆಯುತ್ತಿರಲಿಲ್ಲ. ಎಲ್ಲರೂ ಹಿಂಕ್ಲಿಯವರಾಗುವುದಿಲ್ಲ, ದೇಹವೋ ಮನಸ್ಸೋ ಕೈಕೊಟ್ಟು ಅವಧಿಗೆ ಮುಂಚೆ ಊರಿಗೆ ಮರಳುವ ಹುಡುಗರೂ ಇದ್ದಾರೆ. ಅವರು ಮರಳಿದ ಊರಿನಲ್ಲಿ ಎಲ್ಲರ ಕಣ್ಣೂ ಅವರ ಮೇಲೆಯೇ ಇರುತ್ತದೆಂದು ಕೇಳಿದ್ದೇನೆ. ಮೊದಲು ವರ್ಷಕ್ಕೆ ಎರಡು ಸಲ, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ, ಮಾತ್ರ ಮನೆಗೆ ಫೋನ್ ಮಾಡಲು ಅವಕಾಶವಿತ್ತು. 2019ರ ಫೆಬ್ರುವರಿಯಲ್ಲಿ ಸಭೆ ಈ ನಿಯಮವನ್ನು ಸಡಿಲಿಸಿ ವಾರಕ್ಕೊಮ್ಮೆ, ಅವರು ‘ಪಿ-ಡೇ’ ಎನ್ನುವ ಬಿಡುವಿನ ದಿನ, ವಿಡಿಯೋ ಕರೆಗೂ ಒಪ್ಪಿಗೆ ಕೊಟ್ಟಿತು. ಬಟ್ಟೆ ಒಗೆಯುವುದು, ದಿನಸಿ ತರುವುದು, ತಾಯಿಯ ಮುಖ ನೋಡುವುದು ಈಗ ಒಂದೇ ದಿನದ ಕೆಲಸಗಳು. ಹಳೆಯ ಕಾಲದ ಮಿಷನರಿಗಳಲ್ಲಿ ಕೆಲವರು ಇದರಿಂದ ಹುಡುಗರು ಮೆತ್ತಗಾಗುತ್ತಾರೆಂದು ಗೊಣಗುತ್ತಾರೆ. ಹದಿನೆಂಟರ ಮಗನನ್ನು ಕಳಿಸಿ ಎರಡು ವರ್ಷದಲ್ಲಿ ನಾಲ್ಕು ಸಲ ದನಿ ಕೇಳಿಸಿಕೊಂಡ ತಾಯಂದಿರನ್ನು ಅವರು ಕೇಳಿ ನೋಡಲಿ.

ನಮ್ಮ ಮನೆಗೆ ಅವರು ಬಂದದ್ದು ಒಂದು ಮಧ್ಯಾಹ್ನ, ನಾನೊಬ್ಬಳೇ ಇದ್ದಾಗ. ಹೊರಗೆ ಮಳೆ, ಒಳಗೆ ಬನ್ನಿ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನೆಯಲ್ಲಿ ಗಂಡಸರು ಯಾರೂ ಇಲ್ಲದಿದ್ದರೆ ತಾವು ಒಳಗೆ ಬರುವಂತಿಲ್ಲವೆಂದು ಸಂಕೋಚದಿಂದ ಹೇಳಿದರು. ಒಂಟಿ ಹೆಂಗಸಿರುವ ಮನೆಯೊಳಕ್ಕೆ ಎಲ್ಡರುಗಳು ಕಾಲಿಡಕೂಡದೆಂಬುದು ಅವರ ನಿಯಮ. ಯಜಮಾನರು ಇರುವ ಶನಿವಾರ ಬನ್ನಿ ಎಂದೆ, ಬಂದರು. ಉಪಚಾರದ ಪ್ರಶ್ನೆ ಆಗ ಎದ್ದಿತು. ಜೋಸೆಫ್ ಸ್ಮಿತ್ 1833ರಲ್ಲಿ ಕೊಟ್ಟ ಆಹಾರನಿಯಮದ ಪ್ರಕಾರ ಇವರಿಗೆ ಹೆಂಡ ತಂಬಾಕುಗಳ ಜೊತೆಗೆ ಕಾಫಿ ಚಹಾಗಳೂ ನಿಷಿದ್ಧ. ಬಂದವರಿಗೆ ಚಹಾ ಕೊಡದಿದ್ದರೆ ಲ್ಯಾಂಕಶೈರಿನವರಿಗೆ ಅತಿಥಿ ಸತ್ಕಾರವೇ ಆದಂತಾಗುವುದಿಲ್ಲ. ಕಾಫಿ ಕೊಡದಿದ್ದರೆ ನಮಗೆ ಹಾಗೆಯೇ. ಕಡೆಗೆ ಇಂಗು, ಶುಂಠಿ, ಕೊತ್ತಂಬರಿಸೊಪ್ಪು ಹಾಕಿದ ಮಜ್ಜಿಗೆ ಕೊಟ್ಟೆ. ಒಬ್ಬ ಗಟಗಟ ಕುಡಿದ, ಇನ್ನೊಬ್ಬ ಕಣ್ಣರಳಿಸಿ ಬಹಳ ಹೊತ್ತು ಲೋಟ ಹಿಡಿದುಕೊಂಡಿದ್ದ. ಉಪ್ಪಿಟ್ಟು ಮಾತ್ರ ಇಬ್ಬರಿಗೂ ಹಿಡಿಸಿತು. ಹಿತ್ತಲಿನ ಬೇಲಿಯ ಹಲಗೆ ಗಾಳಿಗೆ ಕಿತ್ತುಬಂದದ್ದನ್ನು ಕಿಟಕಿಯಿಂದ ಕಂಡು, ಮುಂದಿನ ವಾರ ಮೊಳೆ ಸುತ್ತಿಗೆ ತಂದು ಸರಿಮಾಡಿಕೊಟ್ಟರು. ಇಬ್ಬರಲ್ಲಿ ಐಡಾಹೋದವನ ಕೈಗೆ ಕಸುಬು ಗೊತ್ತಿತ್ತು.

ಅವರ ಉದ್ದೇಶದ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಅವರು ಮತ ಹೇಳಲು ಬಂದವರು, ನಾವು ಮತ ಬದಲಿಸುವ ಇರಾದೆ ಇಲ್ಲದವರು, ಮತ್ತು ಇದನ್ನು ನಮ್ಮ ಯಜಮಾನರು ಮೊದಲ ಭೇಟಿಯಲ್ಲೇ ನಗುನಗುತ್ತ ಸ್ಪಷ್ಟಪಡಿಸಿದರು. ಬಾಗಿಲು ತಟ್ಟಿ ನಿನ್ನ ದೇವರಿಗಿಂತ ನನ್ನ ದೇವರು ನಿಜವೆನ್ನುವ ಕೆಲಸ ನನಗೆ ಒಗ್ಗುವುದಿಲ್ಲ. ನಮ್ಮ ನಾಡಿನಲ್ಲಿ ಅದು ಎಷ್ಟು ಸೂಕ್ಷ್ಮವಾದ ವಿಷಯವೆಂದು ನಾನು ಹೇಳಬೇಕಾಗಿಲ್ಲ. ಇಂಡಿಯಾಕ್ಕೂ ಇವರು ಹೊಸಬರಲ್ಲ. 1853ರಲ್ಲೇ ಒಂದು ತಂಡ ಕಲ್ಕತ್ತದಲ್ಲಿ ಇಳಿದಿತ್ತು. ಅದರಲ್ಲಿ ಕೆಲವರು ಮದರಾಸಿಗೂ ಹೋದರು. ಭಾಷೆ ಬಾರದೆ, ಬ್ರಿಟಿಷ್ ದಂಡಿನ ಸಿಪಾಯಿಗಳಿಗೆ ಬೋಧಿಸಹೋಗಿ ಅಧಿಕಾರಿಗಳ ಅಸಮಾಧಾನಕ್ಕೆ ಗುರಿಯಾಗಿ, ಕೆಲವೇ ವರ್ಷಗಳಲ್ಲಿ ಬಹುತೇಕ ಬರಿಗೈಯಲ್ಲಿ ಮರಳಿದರು. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಮಿಷನ್ ಶುರುವಾದದ್ದು 1993ರಲ್ಲಿ. 2018ರಲ್ಲಿ ಬೆಂಗಳೂರಿಗೊಂದು ಟೆಂಪಲ್ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಅದರ ಕೆಲಸಕ್ಕೆ ಗುದ್ದಲಿ ಹಾಕಲಾಯಿತು. ಇದನ್ನು ಹೇಳಿದಾಗ ಮಜ್ಜಿಗೆ ಕುಡಿದಿದ್ದ ಹುಡುಗ, ಕರೆ ಬರುವ ಮುನ್ನ ತನಗೆ ಇಂಡಿಯಾ ಸಿಗಲೆಂಬ ಆಸೆ ಇತ್ತೆಂದ. ಇಂಗ್ಲ್ಯಾಂಡ್ ಎಂದು ತಿಳಿದಾಗ ಇಷ್ಟೇನಾ ಎನಿಸಿತ್ತಂತೆ. ಭಾಷೆ ಒಂದೇ ಆದ್ದರಿಂದ ಸುಲಭವೆಂದುಕೊಂಡು ಬಂದವನಿಗೆ ಮೊದಲ ವಾರಗಳಲ್ಲಿ ಪ್ರೆಸ್ಟನ್ನಿನ ಮುದುಕರ ಮಾತು ಅರ್ಧವೂ ತಿಳಿದಿರಲಿಲ್ಲ. ಭಾಷೆ ಕಲಿಯುವುದಕ್ಕೆಂದು ವಾರಗಟ್ಟಲೆ ತರಬೇತಿ ಪಡೆದು ಹೋದ ತನ್ನ ಗೆಳೆಯರಿಗೆ ಅರ್ಥವಾಗದಿದ್ದರೆ ಜನ ಕ್ಷಮಿಸುತ್ತಾರೆ, ತನಗೆ ಆ ರಿಯಾಯಿತಿ ಇಲ್ಲ ಎಂದು ಅವನ ಕೊರಗು.

ಅವನು ಹೊಂದಿಕೊಂಡದ್ದನ್ನು ನಾನು ಗಮನಿಸಿದ್ದು ಸಣ್ಣ ಸಂಗತಿಗಳಲ್ಲಿ. ಬೂಟುಗಳಿಗೆ ಮಳೆ ತಡೆಯುವ ಎಣ್ಣೆ ಬಂತು. ಬಾಗಿಲು ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತೆರೆದವರಿಗೆ ಇಬ್ಬರೂ ಪೂರ್ತಿ ಕಾಣುವಂತೆ ದೀಪದ ಬೆಳಕಿನಲ್ಲಿ ನಿಲ್ಲತೊಡಗಿದ. ಕರಪತ್ರ ಚಾಚುವ ಮೊದಲು ಹವೆಯ ವಿಚಾರ ಎತ್ತುವುದನ್ನು ಕಲಿತ. ಫುಟ್‌ಬಾಲಿನಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಸೋತ ವಾರಾಂತ್ಯದ ಮರುದಿನ ಯಾರನ್ನೂ ಮಾತಾಡಿಸಬಾರದೆಂಬ ಜ್ಞಾನವೂ ಬಂತು. ಹೀಗೆ ಊರು ಅವನಿಗೂ ಅವನು ಊರಿಗೂ ಒಗ್ಗಿದ ಹೊತ್ತಿಗೆ ಟ್ರಾನ್ಸ್‌ಫರ್ ಆಯಿತು. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಎರಡು ಸೂಟ್‌ಕೇಸಿನೊಡನೆ ಹೊರಟುಹೋದ. ಹೊಂದಿಕೊಂಡವನನ್ನೇ ಕೀಳುವ ಈ ಪದ್ಧತಿಯಲ್ಲಿ ಸಭೆಗೆ ತನ್ನದೇ ಲೆಕ್ಕಾಚಾರವಿರಬಹುದು. ಹುಡುಗ ಊರಿಗಿಂತ ಸಭೆಗೇ ಹೆಚ್ಚು ಸೇರಿದವನಾಗಿ ಉಳಿಯಲೆಂದು ಹೀಗೆ ಮಾಡುತ್ತಾರೆಂಬುದು ನನ್ನ ಅನುಮಾನ, ಅವರು ಹಾಗೆ ಹೇಳುವುದಿಲ್ಲ.

ಹೊರಡುವ ಮುನ್ನ ವಿದಾಯಕ್ಕೆ ಬಂದಾಗ ನಮ್ಮ ಯಜಮಾನರು ಒಂದು ಮಾತು ಕೇಳಿಕೊಂಡರು. ಯಾವ ಪಟ್ಟಿಯಲ್ಲಿಯೂ ಹೆಸರಿರುವುದು ಅವರ ಜಾಯಮಾನಕ್ಕೆ ಒಗ್ಗದು, ಸೂಪರ್‌ಮಾರ್ಕೆಟ್ಟಿನ ಕಾರ್ಡನ್ನೂ ಮಾಡಿಸಿಕೊಂಡವರಲ್ಲ. ಆ ಏರಿಯಾ ಬುಕ್ಕಿನಿಂದ ನಮ್ಮ ಮನೆಯ ವಿವರ ತೆಗೆದುಬಿಡಿ ಎಂದರು. ಹುಡುಗ ಎದುರಿಗೇ ಫೋನ್ ತೆಗೆದು ಅಳಿಸಿದ. ನನಗೆ ಅದು ಅಷ್ಟು ಬೇಕಿರಲಿಲ್ಲವೆನಿಸಿತು, ಆದರೆ ಮನೆ ಇಬ್ಬರದೂ ಹೌದಷ್ಟೆ. ಅದರ ಪರಿಣಾಮವಾಗಿ ಮುಂದಿನ ತಿಂಗಳು ಬಂದ ಹೊಸ ಜೋಡಿಗೆ ನಮ್ಮ ಬಗ್ಗೆ ಏನೂ ಗೊತ್ತಿರಲಿಲ್ಲ. ಕದ ತಟ್ಟಿ, ಹೆಸರು ಹೇಳಿ, ಕರಪತ್ರ ಹಿಡಿದು, ಮೊದಲ ವಾಕ್ಯದಿಂದಲೇ ಶುರುಮಾಡಿದರು. ಬಾಗಿಲು ತೆರೆದವರು ಯಜಮಾನರೇ. ಇದೆಲ್ಲ ನಾವು ಆಗಲೇ ಕೇಳಿದ್ದೇವೆ ಎಂದು ಹೇಳಿ ಕದ ಹಾಕುತ್ತಾರೆಂದುಕೊಂಡೆ. ಬದಲಿಗೆ ಚಪ್ಪಲಿ ಮೆಟ್ಟಿ ಕಾಲುದಾರಿಗಿಳಿದು, ಮೂಲೆಮನೆಯಲ್ಲಿ ರಾತ್ರಿಪಾಳಿಯ ನರ್ಸ್ ಇದ್ದಾಳೆ, ಮಧ್ಯಾಹ್ನ ಮೂರರವರೆಗೆ ಬೆಲ್ ಒತ್ತಬೇಡಿ. ಹಸಿರು ಬಾಗಿಲಿನ ಮನೆಯ ನಾಯಿ ಬೊಗಳುವುದಿಲ್ಲ, ನೇರವಾಗಿ ಕಚ್ಚುತ್ತದೆ. ಎದುರುಮನೆಯವರಿಗೆ ಕಿವಿ ಮಂದ, ಜೋರಾಗಿ ತಟ್ಟಿ, ಮತದ ವಿಷಯ ಎತ್ತದೆ ಮಗ್ಗದ ಬಗ್ಗೆ ಕೇಳಿ ಎಂದು ಒಂದೊಂದಾಗಿ ಕೈತೋರಿಸಿ ಹೇಳತೊಡಗಿದರು. ಇಬ್ಬರಲ್ಲಿ ಚಿಕ್ಕವನು ಫೋನ್ ತೆಗೆದು ಬರೆದುಕೊಳ್ಳುತ್ತಿದ್ದ.